ಮನೆಮನೆಗೂ ಒಂದೊಂದು ಪ್ರತಿ

ಇಂಟರ್ನೆಟ್ಟು ನಮ್ಮೂರಿಗೆ ಟೆಲಿಫೋನ್ ತಂತಿಯಲ್ಲಿ ತೆವಳಿಕೊಂಡು ಬರುತ್ತಿದ್ದ ಕಾಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಜೇನು ಸಾಕುವವರಿಗೆಂದು ನಾನೊಂದು ಇಮೇಲ್ ಚರ್ಚಾಗುಂಪು ಕಟ್ಟಿದ್ದೆ. ಕಟ್ಟಿದ್ದೇನೋ ಹೌದು, ಕಾಯುವುದೇ ತಲೆಬಿಸಿ. ಸಿಕ್ಕಿದ ನ್ಯೂಸ್‌ಲೆಟರನ್ನೆಲ್ಲ ಇಡಿಯಾಗಿ ಗುಂಪಿಗೆ ಎತ್ತಿ ಎಸೆಯುವವರೇ ಹೆಚ್ಚು. ಕಡೆಗೆ ಸಿಟ್ಟು ಬಂದು ನಿಯಮ ಬರೆದೆ: ಇಡಿಯಾಗಿ ಫಾರ್ವರ್ಡ್ ಮಾಡಬೇಡಿ, ಅದರಲ್ಲಿ ನಮಗೆ ಬೇಕಾದ್ದೇನಿದೆ, ಎಲ್ಲಿಂದ ಬಂತು ಅಂತ ಎರಡು ಸಾಲು ಬರೆಯಿರಿ, ಬೇಕಾದವರು ಕೇಳಿ ತರಿಸಿಕೊಳ್ಳಲಿ.

ಎಲ್ಲರೂ ಒಪ್ಪಿದರು, ಉಮ್ಮಚಗಿಯ ನನ್ನ ಸೋದರಮಾವ ಒಬ್ಬರನ್ನು ಬಿಟ್ಟು. ಮಾವನ ಜೇನು ರೋಗ ಬಂದು ಪೂರ್ತಿ ನಾಶವಾಗಿತ್ತು. ಮತ್ತೆ ಸಾಕುವ ಧೈರ್ಯ ಬರಲಿಲ್ಲ. ಆದರೆ ಜೇನಿನ ಹುಚ್ಚು ಹೋಗಬೇಕಲ್ಲ? ಬಸ್ಸಿನಲ್ಲಿ ಯಲ್ಲಾಪುರಕ್ಕೆ ಹೋಗಿ, ಸೈಬರ್ ಕೆಫೆಯಲ್ಲಿ ಕೂತು, ಎಲ್ಲೆಲ್ಲಿಯದೋ ಜೇನಿನ ನ್ಯೂಸ್‌ಲೆಟರ್ ಓದಿ ಗುಂಪಿಗೆ ಕಳಿಸುತ್ತಿದ್ದರು. ಅವರ ಪಾಲಿಗೆ ಉಳಿದ ಜೇನೆಂದರೆ ಈ ಗುಂಪು ಮಾತ್ರ. ಅಷ್ಟಕ್ಕೇ ನಿಲ್ಲಿಸಿದ್ದರೆ ಹೇಗೋ ಸುಧಾರಿಸಬಹುದಿತ್ತು. ಗುಂಪಿಗೆ ಕಳಿಸಿದ್ದನ್ನೇ ಮತ್ತೆ ಒಬ್ಬೊಬ್ಬ ಸದಸ್ಯರಿಗೂ ಬೇರೆ ಬೇರೆಯಾಗಿ ಕಳಿಸುತ್ತಿದ್ದರು. ಆಗಿನ ಇಮೇಲ್ ಪೆಟ್ಟಿಗೆಯೋ ಅಂಗೈಯಗಲದ್ದು. ತುಂಬಿತೆಂದರೆ ಉಳಿದ ಪತ್ರವೆಲ್ಲ ಬಾಗಿಲಿಂದಲೇ ವಾಪಸ್ಸು.

ವಾನಳ್ಳಿಯ ಸದಸ್ಯನೊಬ್ಬ ಕೆಂಡವಾದ. ಅವನು ಮಾರುವ ಜೇನುಪೆಟ್ಟಿಗೆ ಬೇಕೆಂದು ಯಾರೋ ಬರೆದ ಪತ್ರ ಅವನಿಗೆ ತಲುಪದೆ ಹೋಗಿತ್ತಂತೆ. ಜೇನೇ ಇಲ್ಲದವರಿಗೆ ಜೇನಿನ ಗುಂಪು ಯಾಕೆ, ಅವರನ್ನು ತೆಗೆಯಿರಿ, ಇಲ್ಲವಾದರೆ ನಾನೇ ಬಿಡುತ್ತೇನೆ ಎಂದು ಎಲ್ಲರಿಗೂ ಕಾಣುವಂತೆ ಗುಂಪಿನಲ್ಲೇ ಬರೆದ.

ನಾನು ಉರಿದುಕೊಂಡೇ ಉಮ್ಮಚಗಿಗೆ ಹೋದೆ. ಸಿಟ್ಟು ಯಾರ ಮೇಲೆ ಅಂತ ನನಗೇ ಗೊತ್ತಿರಲಿಲ್ಲ. ಮಾವ ಬೆಲ್ಲ, ನೀರು ತಂದಿಟ್ಟು, ಎಲೆಯಡಿಕೆಯ ಕವಳ ಹಾಕುವುದನ್ನೂ ಮರೆತು ನನ್ನ ಮುಖವನ್ನೇ ನೋಡುತ್ತ ಕೂತರು. ಗುಂಪಿಗೆ ಒಮ್ಮೆ ಕಳಿಸಿದರೆ ಎಲ್ಲರಿಗೂ ಹೋಗುತ್ತದೆ ಮಾವ, ಮತ್ತೆ ಬೇರೆ ಬೇರೆ ಯಾಕೆ ಎಂದು ಕೇಳಿದೆ.

"ಅಲ್ದೇ ಕೂಸೆ, ಮನೇಲಿ ಮದುವೆ ಹೇಳಿ ಬಸ್ ಸ್ಟ್ಯಾಂಡಲ್ಲಿ ನಿಂತ್ಕಂಡು ಕೂಗಿದ್ರೆ ಯಾರಾದ್ರೂ ಬತ್ವಾ? ಮನೆಮನೆಗೆ ಹೋಗಿ ಕರೆಯವು."

ನಮ್ಮ ಕಡೆ ಅದು ಸತ್ಯವೇ. ಮನೆಗೆ ಬಂದು ಕರೆಯದವರ ಊಟಕ್ಕೆ ನಾವು ಹೋದವರಲ್ಲ. ಬಂದ ನಗು ನುಂಗಿಕೊಂಡು, ಇಮೇಲಿಗೆ ಆ ಮರ್ಯಾದೆ ಬೇಡ, ಗುಂಪಿಗೆ ಎರಡು ಸಾಲು ಸಾಕು ಎಂದು ಖಡಾಖಂಡಿತವಾಗಿ ಹೇಳಿದೆ. ಅಡ್ಡಿಲ್ಲೆ, ಹಂಗೇ ಆಗ್ಲಿ ಅಂದರು. ಮತ್ತೇನೂ ಕೇಳಲಿಲ್ಲ.

ಅಲ್ಲಿಂದ ಮುಂದೆ ಮಾವ ಎರಡೇ ಸಾಲು ಬರೆದರು. ಅಂತೂ ಬಗೆಹರಿಯಿತು ಅಂದುಕೊಂಡೆ. ಸ್ವಲ್ಪ ದಿನಕ್ಕೆ ವಾನಳ್ಳಿಯವನ ಫೋನು ಬಂತು. ದನಿ ಸಪ್ಪಗಿತ್ತು.

"ಅಕ್ಕಾ, ನಿಂಗಳ ಮಾವ ಉಳಿದವಕ್ಕೆಲ್ಲಾ ಬೇರೆ ಬೇರೆ ಕಳಸ್ತಾ ಇದ್ದ, ಯನ್ನೊಬ್ಬನ್ನ ಬಿಟ್ಟಿಗಿದ್ದ ಕಾಣ್ತು. ಸಿಟ್ಟು ಬಂತನ?"

ತೆಗೆಯಿರಿ ಅಂದವನೂ ಇವನೇ, ಕರೆಯಲಿಲ್ಲ ಅಂತ ಮುಖ ಊದಿಸಿಕೊಂಡವನೂ ಇವನೇ! ಚೆನ್ನಾಗಿ ಬೈದೆ. ಮಾವ ಈಗ ಯಾರಿಗೂ ಬೇರೆಯಾಗಿ ಕಳಿಸುತ್ತಿಲ್ಲ, ನೀನು ಬರೆದದ್ದಕ್ಕೇ ಎಲ್ಲ ನಿಂತಿದ್ದು ಎಂದೆ.

ಮರುದಿನವೇ ಅವನು ಬಸ್ಸು ಹತ್ತಿ ಉಮ್ಮಚಗಿಗೆ ಹೋದದ್ದು ಮಾವ ಫೋನು ಮಾಡಿದಾಗ ಗೊತ್ತಾಯಿತು. ಬಂದು, ಕೂತು ಊಟ ಮಾಡಿ, ತನ್ನ ಮನೆಗೊಂದು ಪ್ರತಿ ತಪ್ಪದೆ ಕಳಿಸಬೇಕು ಎಂದು ಹೇಳಿ ಹೋದನಂತೆ. ಇಷ್ಟು ತಿಳಿಸಿ ಮಾವ ಮೆಲ್ಲಗೆ ಕೇಳಿದರು.

"ಹಂಗಾರೆ ಕೂಸೆ, ಇನ್ನು ಯನ್ನ ತೆಗೆಯದಿಲ್ಲೆ ಅಲ್ದಾ?"

ಅಂದರೆ ತೆಗೆಯಿರಿ ಎಂಬ ಆ ಪತ್ರ ಓದಿದಂದಿನಿಂದ ಯಲ್ಲಾಪುರಕ್ಕೆ ಹೋದಾಗಲೆಲ್ಲ, ಇವತ್ತು ಗುಂಪಿನ ಬಾಗಿಲು ತೆರೆಯುತ್ತದೋ ಇಲ್ಲವೋ ಎಂದು ಹೆದರಿಕೊಂಡೇ ಕೂತಿದ್ದರು. ಇಲ್ಲ ಮಾವ, ಇಲ್ಲವೇ ಇಲ್ಲ ಅಂದೆ. ನಮ್ಮ ಮನೆಗೂ ಒಂದು ಪ್ರತಿ ತಪ್ಪದೆ ಕಳಿಸಿ ಎಂದೂ ಹೇಳಿದೆ.