ಮಾಸ್ತರರ ಕಂಪ್ಯೂಟರಿಗೆ ಅಬ್ಬಾ ಮಾಡಿದ ಡಬ್ಬಿ

ಬೈಲಹೊಂಗಲದ ಮದುಮಗಳ ಜೊತೆಗೆ ಹೂವಿನ ಚಿತ್ರದ ತಗಡಿನ ಟ್ರಂಕೂ ಗಂಡನ ಮನೆಗೆ ಹೋಗುತ್ತಿದ್ದ ಕಾಲವದು. ಆ ಟ್ರಂಕು ಮಾಡುವವರಲ್ಲಿ ನಮ್ಮ ಅಬ್ಬಾ ಒಬ್ಬರು. ಮನೆಯಲ್ಲಿ ನಮ್ಮದು ಉರ್ದು. ಅಂಗಡಿಯ ಹೊಸ್ತಿಲು ದಾಟಿದರೆ ಅಬ್ಬಾ ನನ್ನೊಂದಿಗೂ ಕನ್ನಡವನ್ನೇ ಆಡುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೆ ಒಮ್ಮೆ ಕೇಳಿದ ಅಳತೆಯನ್ನು ಮರೆತವರಲ್ಲ. “ಉದ್ದ ಹೇಳ್ರಿ, ಅಗಲ ಹೇಳ್ರಿ, ಚಾ ಕುಡದ ಬರ್ರಿ” ಎಂದು ಗಿರಾಕಿಗಳಿಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು.

ನಾನು ಆರನೆಯ ಇಯತ್ತೆ ಮುಗಿಸಿದ ಬೇಸಿಗೆ. ನಮ್ಮ ಶಾಲೆಯ ವಿಜ್ಞಾನದ ಜೋಶಿ ಮಾಸ್ತರರು ಅಂಗಡಿಗೆ ಬಂದರು. ಪೌರೋಹಿತ್ಯದ ಮನೆತನದಲ್ಲಿ ಇವರೊಬ್ಬರು ಮಂತ್ರ ಬಿಟ್ಟು ತಂತಿ ಹಿಡಿದವರು. ಬೆಳಗಾವಿಯಿಂದ ಬಿಡಿಭಾಗ ತಂದು, ವರ್ಷಗಟ್ಟಲೆ ಬೆಸುಗೆ ಹಾಕಿ, ಮನೆಯಲ್ಲೇ ಒಂದು ಕಂಪ್ಯೂಟರ್ ಕಟ್ಟಿದ್ದರು.

“ಹಲಗಿ ಮ್ಯಾಲ ಬರೇ ಮೈಲೆ ಕೂತದ್ರಿ ಅದು. ಹುಡುಗರು ಮುಟ್ಟಿದ್ರ ತಂತಿ ಕಿತ್ತು ಬರ್ತಾವ. ಸಾಲಿ ಸುರು ಆಗೋದ್ರಾಗ ಒಂದು ಡಬ್ಬಿ ಮಾಡಿಕೊಡ್ರಿ ಖಾದರಸಾಬ್ರ,” ಎಂದು ಒಂದು ಕಾಗದ ಕೊಟ್ಟರು. ಡಬ್ಬಿಯ ಮುಂಭಾಗದ ನಕ್ಷೆ ಅದು: ಒಂದು ಬದಿಗೆ ಸ್ವಿಚ್ಚುಗಳ ಸಾಲು, ಇನ್ನೊಂದು ಬದಿಗೆ ಸಣ್ಣ ದೀಪಗಳು, ಮೂಲೆಯಲ್ಲಿ ಕೀಲಿಗೆ ದೊಡ್ಡ ತೂತು.

ಅಬ್ಬಾ ಅಂಥ ಕೆಲಸ ಹಿಂದೆ ಮಾಡಿರಲಿಲ್ಲ. ಆದರೆ ಆ ವರ್ಷ ಮಾಡಿದ ಟ್ರಂಕುಗಳೇ ಗಿರಾಕಿಯಿಲ್ಲದೆ ಒಂದರ ಮೇಲೊಂದು ಕೂತಿದ್ದವು. ಹಾಗಾಗಿ ಆ ಕಾಗದವನ್ನು ಎರಡೂ ಕೈಯಿಂದ ಇಸಿದುಕೊಂಡರು.

ಮರುದಿನ ಮಧ್ಯಾಹ್ನ ತಗಡಿನ ಮೇಲೆ ನಕ್ಷೆ ಹಾಸಿ ನನ್ನನ್ನು ಕರೆದರು. ಕಾದ ತಗಡು, ಬಣ್ಣದೆಣ್ಣೆಯ ವಾಸನೆ. ಹೊರಗೆ ಗೆಳತಿಯರು ಆಟದ ಗಜಗದ ಕಾಯಿ ಹಿಡಿದು, “ಬಾರಲೇ, ನಿನ್ನ ಪಾಳಿ ಹೋಕ್ಕೈತಿ” ಎಂದು ಕೂಗುತ್ತಿದ್ದರು. ನಾನು ಅಳತೆಗಳನ್ನು ಗಡಬಡಿಸಿ ಓದಿ ಎದ್ದೆ.

“ನಿಂದ್ರ ಬೇಟಿ, ಮೂಲ್ಯಾಗ ಪೆನ್ಸಿಲ್‌ಲೆ ಏನೋ ಬರದಾರಲ್ಲ?”

“ಅದು ಮಾಸ್ತರ್ರ ಸಹಿ, ಅಬ್ಬಾ,” ಎಂದೆ. ಓದಿರಲಿಲ್ಲ.

ಅಬ್ಬಾ ಐದು ದಿನ ಆ ಮುಂಭಾಗಕ್ಕೇ ಕೂತರು. ಒಂದೊಂದು ತೂತನ್ನೂ ಅರದಿಂದ ಉಜ್ಜಿ, ಬೆರಳಾಡಿಸಿ ನೋಡಿದರು. ಅಂಚು ಮಡಚಿದರು. ಆಕಾಶದ ಬಣ್ಣ ಬಳಿದರು. ಹಾದಿಯಲ್ಲಿ ಹೋಗುವವರನ್ನು ಕರೆದು, “ಕಂಪ್ಯೂಟರಿನ ಡಬ್ಬಿ ಇದು, ಕೈ ಹಚ್ಚಬ್ಯಾಡ್ರಿ, ಹಸಿ ಐತಿ” ಎಂದು ತೋರಿಸಿದರು.

ಮಾಸ್ತರರು ಬಂದು ನಕ್ಷೆಯನ್ನು ಡಬ್ಬಿಯ ಪಕ್ಕ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ, “ಎಡಾ-ಬಲಾ ಅದಲಬದಲ ಆಗ್ಯಾವಲ್ರಿ. ಹಿಂದಿನಿಂದ ನೋಡಿದಂಗ ತಗದೀನಿ ಅಂತ ಮೂಲ್ಯಾಗ ಬರದಿದ್ದೆ” ಎಂದರು. ತಗಡನ್ನು ತಿರುವಿ ಹಾಕೋಣವೆಂದರೆ ಅಂಚು ಮಡಚಿ ಆಗಿತ್ತು.

ಅಬ್ಬಾ ನನ್ನ ಕಡೆ ತಿರುಗಿದರು. “ಸಹಿ ಅಂದಂಗಿತ್ತಲ್ಲ ಬೇಟಿ?”

ಮಾಸ್ತರರೂ ನನ್ನನ್ನೇ ನೋಡುತ್ತಿದ್ದರು. ಮುಂದಿನ ತಿಂಗಳು ಅವರ ವರ್ಗದಲ್ಲೇ ನಾನು ಕೂರಬೇಕು.

“ಇಲ್ಲ ಅಬ್ಬಾ. ನಾ ಓದಿ ಹೇಳಿದ್ದೆ. ನೀವ ಮರ್ತೀರಿ.”

ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು. ಅಬ್ಬಾ ಹಣೆಯ ಬೆವರು ಒರೆಸಿಕೊಂಡು, “ಹೇಳಿರ್ಬೇಕು. ಕೂಸು ಯಾಕ ಸುಳ್ಳು ಹೇಳತೈತಿ? ಮಾಫ್ ಮಾಡ್ರಿ ಮಾಸ್ತರ್ರ, ನನ್ನ ತಲಿ ನೆಟ್ಟಗಿಲ್ಲ” ಎಂದರು.

ಮಾಸ್ತರರು ಒಳ್ಳೆಯವರು. ಅದೇ ಡಬ್ಬಿ ಒಯ್ದು, ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಬೆಸೆದರು. ಶಾಲೆ ಸುರುವಾಗಿ ಎರಡು ತಿಂಗಳಾದ ಮೇಲೆ ದೀಪಗಳು ಹತ್ತಿದವು, ಹುಡುಗರು ಚಪ್ಪಾಳೆ ತಟ್ಟಿದರು. ನೋಡಲು ಬರಬೇಕೆಂದು ಹೇಳಿಕಳಿಸಿದರೂ ಅಬ್ಬಾ ಬರಲಿಲ್ಲ.

ಅಂದಿನಿಂದ ಅವರು ಪ್ರತಿ ಅಳತೆಯನ್ನೂ ಮೂರು ಸಲ ಕೇಳತೊಡಗಿದರು. ಗೆರೆ ಎಳೆದು, ಕತ್ತರಿ ಹಿಡಿದು, ಮತ್ತೆ ಕೆಳಗಿಟ್ಟು, “ಬೇಟಿ, ಬರೋಬರಿ ಐತೇನು ನೋಡು” ಅನ್ನುವರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ದೂಡಿದೆ. ಕಾಯುವ ಗಿರಾಕಿಗಳು ರೇಗಿದರು. ನಾನು ಹತ್ತನೆಯ ಇಯತ್ತೆಗೆ ಬರುವಷ್ಟರಲ್ಲಿ ಅಬ್ಬಾ ಅಂಗಡಿ ಮುಚ್ಚಿ, ಬೇರೆಯವರ ಲಾರಿಗೆ ಹತ್ತಿಯ ಅಂಡಿಗೆಗಳನ್ನು ಹೇರುವ ಕೆಲಸಕ್ಕೆ ಹೋದರು.

ಸ್ಟೀಲಿನ ಕಪಾಟುಗಳು ಬಂದವು, ಟ್ರಂಕು ಯಾರಿಗೆ ಬೇಕು, ಹೇಗಿದ್ದರೂ ಮುಚ್ಚಬೇಕಾಗಿತ್ತು ಎಂದು ಊರವರು ಹೇಳುತ್ತಾರೆ. ಅದೂ ನಿಜವೇ. ಆದರೆ ಕಾಲ ಕಸಿದುಕೊಂಡದ್ದು ಅಂಗಡಿಯನ್ನು ಮಾತ್ರ. ತಮ್ಮ ತಲೆಯ ಮೇಲೆ ಅವರಿಗಿದ್ದ ಭರವಸೆಯನ್ನು ಕಸಿದವಳು ನಾನು.

ಹೋದ ವರ್ಷ ಅಬ್ಬಾ ಸವದತ್ತಿಯ ನನ್ನ ಮನೆಗೆ ಬಂದಾಗ, ಆ ಮೂಲೆಯ ಬರಹವನ್ನು ನಾನು ಓದಿಯೇ ಇರಲಿಲ್ಲವೆಂದು ಕೊನೆಗೂ ಹೇಳಿದೆ. ಜೋಳದ ರೊಟ್ಟಿ ಮುರಿಯುತ್ತಿದ್ದ ಅಬ್ಬಾ ತುಂಡನ್ನು ತಟ್ಟೆಯಲ್ಲೇ ಇಟ್ಟರು.

“ಹಂಗಾರ ಆಗ ನನ್ನ ತಲಿ ನೆಟ್ಟಗ ಇತ್ತೇನು?”

“ಇತ್ತು ಅಬ್ಬಾ.”

“ನಾ ಏನೂ ಮರ್ತಿದ್ದಿಲ್ಲ?”

“ಇಲ್ಲ ಅಬ್ಬಾ.”

ಎಂಬತ್ತು ಸಮೀಪಿಸಿದ ಆ ಮುಖದಲ್ಲಿ ಒಂದು ಕ್ಷಣ ನಗು ಬಂದಂತಾಯಿತು. ಆಮೇಲೆ ಅದೂ ಹೋಯಿತು.

“ಮತ್ತ ಇಷ್ಟು ವರ್ಷ ನಾ ಯಾಕ ಅಂಜಿದೆ?” ಎಂದು ಕೇಳಿದರು.