ಎಷ್ಟೊತ್ತಿಗೆ ಬರ್ತಾರೆ?

ಕೋಲಾರದ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಮುಳಬಾಗಿಲಿನ ಎಸ್‌ಐ ಒಬ್ಬರು ಬರುತ್ತಿದ್ದರು. ಮರಳು ಲಾರಿಗೆ ಅಡ್ಡ ನಿಂತು ಮಂಡಿ ಮುರಿದುಕೊಂಡಿದ್ದರು. ಗುದ್ದಿದ ಡ್ರೈವರ್ ತಲೆಮರೆಸಿಕೊಂಡಿದ್ದ.

ಒಂದು ಬೆಳಿಗ್ಗೆ ಪರದೆಯ ಹಿಂದೆ ಅವರ ಕಾಲು ಮಡಿಸುತ್ತಿದ್ದಾಗ ಬಾಗಿಲಲ್ಲಿ ಯಾರೋ ಕೂಗಿದರು. ಹೊರಗೆ ಬಂದರೆ, ಚೀಲ ಹಿಡಿದ ಅಪರಿಚಿತನೊಬ್ಬ ನಿಂತಿದ್ದ.

“ಎಸ್‌ಐ ಸಾರ್ ಎಷ್ಟೊತ್ತಿಗೆ ಬರ್ತಾರೆ ಮೇಡಂ?”

ಪೆಟ್ಟಾದವರನ್ನು ವಿಚಾರಿಸುವವರು ಹೇಗಿದ್ದಾರೆ ಅಂತ ಕೇಳುತ್ತಾರೆ, ಎಷ್ಟೊತ್ತಿಗೆ ಅಂತಲ್ಲ.

“ಅವರು ಇಲ್ಲಿಗೆ ಬರೋದು ಬಿಟ್ರಲ್ಲ,” ಎಂದೆ.

ಅವನು ಪರದೆಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತು, ಹೊರಟುಹೋದ.

ಒಳಗೆ ಎಸ್‌ಐ ಕಿವಿಗೊಟ್ಟು ಕೂತಿದ್ದರು. “ಅವತ್ತು ಲಾರಿಯಿಂದ ಕೂಗಿದ ದನಿನೇ ಇದು. ಡ್ರೈವರ್ ಅವನೇ,” ಎಂದು ಏಳಹೋದರು. ಭುಜ ಅದುಮಿ ಕೂರಿಸಿದೆ.

“ಓಡೋಕಾಗಲ್ಲ ನಿಮಗೆ. ಮೊದಲು ಸ್ಟೇಷನ್‌ಗೆ ಫೋನ್ ಮಾಡಿ.”

ಬಾಗಿಲಿಗೆ ಚಿಲಕ ಹಾಕಿ, ಒಬ್ಬರ ಕೈ ಒಬ್ಬರು ಹಿಡಿದು ಕಾದೆವು. ಕೊನೆಗೆ ಫೋನ್ ಬಂತು. ಎದುರಿನ ಟೀ ಅಂಗಡಿಯಲ್ಲೇ ಅವನು ಸಿಕ್ಕಿಬಿದ್ದಿದ್ದ; ಚೀಲದಲ್ಲಿ ಮಚ್ಚಿತ್ತು. ಆಮೇಲೂ ನಾವು ಕೈ ಬಿಡಲಿಲ್ಲ.

“ಇನ್ನೆಷ್ಟು ದಿನ ಬರಬೇಕು ನಾನು?” ಎಂದರು.

“ಎರಡು ತಿಂಗಳು,” ಎಂದೆ.

ನಿಜಕ್ಕೂ ಮೂರು ವಾರ ಸಾಕಿತ್ತು. ಅದು ಅವರಿಗೆ ಆಗಲೇ ಗೊತ್ತಿತ್ತೇ ಅಂತ ನಮ್ಮ ಮದುವೆಯಾದಾಗಿನಿಂದ ಕೇಳುತ್ತಲೇ ಇದ್ದೀನಿ. ಪೊಲೀಸಿನವರ ಬಾಯಿ ಬಿಡಿಸೋದು ನನ್ನಿಂದ ಆಗಿಲ್ಲ.