ಗುರಪ್ಪ ಕಾಕಾನ ಐದಾರು ತಾಸು

ಸತ್ತವರ ಮನೆಗೆ ಬಂದರೆ ಗುರಪ್ಪ ಕಾಕಾ ಮೊದಲು ಅಳುತ್ತಿರಲಿಲ್ಲ. ಅಂಗಳದಲ್ಲಿ ನಿಂತು ನೆರಳು ನೋಡುತ್ತಿದ್ದ. ಅಕ್ಕಲಕೋಟೆಯ ನಮ್ಮ ಓಣಿಯಲ್ಲಿ ಯಾರು ಬರಲೆಂದು ಮಣ್ಣು ಕೊಡುವುದನ್ನು ತಡೆಯಬೇಕು, ಎಷ್ಟು ಹೊತ್ತು ತಡೆಯಬೇಕು ಎಂದು ಹೇಳುವವನು ಅವನೊಬ್ಬನೇ. “ಹನ್ನೂರಿನ ಚಕ್ಕಡಿ ಬರಾಕ ಮಧ್ಯಾಹ್ನ ಆಗತೈತಿ. ಎತ್ತಿಗೆ ನೀರು ಕುಡಸೂ ಹೊತ್ತನ್ನೂ ಹಿಡೀರಿ. ಮೈಂದರ್ಗಿಯವರು ಮೋಟಾರಿಗೆ ಬರತಾರ. ಹೊತ್ತು ಮುಣಗೂದ್ರಾಗ ಮಣ್ಣು ಆಗಬೇಕು. ಸತ್ತಾವ್ರನ್ನ ಕಾಯಸಬಾರದು,” ಎನ್ನುತ್ತಿದ್ದ. ಇನ್ನೊಂದಿಷ್ಟು ತಡೆಯಿರೆಂದು ಹಡೆದ ತಾಯಿ ಬೇಡಿಕೊಂಡರೂ ಕರಗುತ್ತಿರಲಿಲ್ಲ. ಕಟುಕ ಎಂದು ಬೈದವರೂ ತಮ್ಮ ಮನೆಯಲ್ಲಿ ಸಾವಾದಾಗ ಅವನನ್ನೇ ಕರೆಯುತ್ತಿದ್ದರು.

ಅವನಿಗೆ ಒಬ್ಬಳೇ ಮಗಳು, ಶಾಂತಾ. ಅಳಿಯ ಸೊಲ್ಲಾಪುರದ ಚಾದರ ವ್ಯಾಪಾರಿಯೊಬ್ಬರ ಕೊಲಂಬೊ ಪೇಢಿಯಲ್ಲಿ ಗುಮಾಸ್ತ. ಅಷ್ಟು ದೂರ ಕೊಡಬೇಡ ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ಅತ್ತಾಗ ಅವನು ಸಮಾಧಾನ ಮಾಡಿದ್ದೂ ತನ್ನ ಲೆಕ್ಕದಿಂದಲೇ. “ಹುಚ್ಚಿ, ಮುಂಬೈಗೂ ಕೊಲಂಬೊಕ್ಕೂ ಸಾವಿರ ಮೈಲಿ ಸೈತ ಇಲ್ಲ. ವಿಮಾನಕ್ಕ ಐದಾರು ತಾಸು. ನೀ ಬೋರಾಮಣಿ ತವರುಮನಿ ಮುಟ್ಟೂದ್ರಾಗ ಆಕಿ ಸಮುದ್ರ ದಾಟಿರತಾಳ.” ಆಮೇಲೆ ಯಾರು ಸಿಕ್ಕರೂ ಆ ಐದಾರು ತಾಸಿನದೇ ಮಾತು. ಕೇಳಿ ಕೇಳಿ ನಮ್ಮ ಕಿವಿ ತೂತು ಬಿದ್ದಿತ್ತು.

ಒಂದು ಬೇಸಿಗೆಯ ಬೆಳಗ್ಗೆ ಕಾಕು ನೀರು ತುಂಬುತ್ತ ಕುಸಿದಳು, ಏಳಲೇ ಇಲ್ಲ. ನಾನೇ ಪೋಸ್ಟಿಗೆ ಓಡಿ ಶಾಂತಾಗೆ ತಾರು ಕೊಟ್ಟು ಬಂದೆ. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದ್ದ ಹೆಂಡತಿಯ ಪಕ್ಕ ಕುಳಿತು ಕಾಕಾ ಹೇಳಿದ: “ಶಾಂತಾ ಬರತಾಳ. ಐದಾರು ತಾಸು.”

ಎತ್ತಿನ ನೀರನ್ನೂ ಲೆಕ್ಕ ಹಿಡಿಯುತ್ತಿದ್ದ ಮನುಷ್ಯ ಅವನು. ಆದರೆ ತಾರು ಮುಟ್ಟಬೇಕು, ವಿಮಾನ ಹೊರಡುವ ದಿನ ಬರಬೇಕು, ಮುಂಬೈಯಿಂದ ರಾತ್ರಿಯಿಡೀ ರೈಲು, ಸೊಲ್ಲಾಪುರದಿಂದ ಮತ್ತೆ ಮೋಟಾರು ಎಂಬುದೊಂದೂ ಅವನ ತಲೆಗೆ ಹೋಗಲಿಲ್ಲ. ಹೊತ್ತು ಮುಳುಗಿತು. ಮರುದಿನದ ಬಿಸಿಲೂ ಏರಿತು. ಎಷ್ಟು ಊದುಬತ್ತಿ ಹಚ್ಚಿದರೂ ಸಾಲದಾಯಿತು. ಮಣ್ಣಿನ ವಿಧಿ ಮಾಡಿಸಲು ಬಂದಿದ್ದ ಅಯ್ಯನವರು ಬಾಗಿ, “ಗುರಪ್ಪಾ, ಸತ್ತಾವ್ರನ್ನ ಕಾಯಸಬಾರದು ಅಂತ ನೀನ ಅಂತಿದ್ದಿ,” ಎಂದಾಗ ಅವರ ಕಾಲು ಹಿಡಿದ. “ಇನ್ನೊಂದು ಮೋಟಾರು ನೋಡೂಣ್ರಿ, ಅಯ್ಯನವರ. ಒಂದ ಒಂದು.” ಆ ಮೋಟಾರೂ ಬಂತು, ಶಾಂತಾ ಇಳಿಯಲಿಲ್ಲ. ಕೊನೆಗೆ ಕಾಕುವಿನ ಸೆರಗಿನಿಂದ ಅವನ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಿದೆ.

ಮಣ್ಣಾದ ಮೂರನೆಯ ದಿನ ಶಾಂತಾ ಬಂದಳು. ಹೊಸ್ತಿಲಲ್ಲೇ ಕೂತುಬಿಟ್ಟಳು. “ಅಪ್ಪಾ, ನೀ ಹೇಳಿದ್ದು ಖರೇನ. ವಿಮಾನ ಐದಾರು ತಾಸಿನ್ಯಾಗ ಇಳೀತು. ಅದು ಹೊರಡೂ ದಿನ ಬರೂತನಕ ನಾ ಅಲ್ಲೇ ಕಾಯ್ಕೋತ ಕುಂತಿದ್ದೆ.”

ಆಮೇಲೆ ಕಾಕಾ ಯಾರ ಮಣ್ಣಿಗೂ ಹೋಗಲಿಲ್ಲ. ಕರೆಯಲು ಹೋದರೆ, “ನನಗ ತಿಳಿಯೂದಿಲ್ಲೋ ತಮ್ಮಾ. ಬರೂತನಕ ಕಾಯ್ರಿ,” ಎಂದು ಒಳಗೆ ಹೋಗಿಬಿಡುತ್ತಿದ್ದ.

ಎರಡು ವರ್ಷಕ್ಕೆ ಅವನೂ ಹೋದ. ಮತ್ತೆ ನಾನೇ ತಾರು ಕೊಟ್ಟು ಬಂದೆ. ಅವನ ಅಂಗಳದಲ್ಲಿ ನಿಂತು ನೆರಳು ನೋಡುವವರು ಯಾರೂ ಇರಲಿಲ್ಲ. ಶಾಂತಾಗಾಗಿ ಎಷ್ಟು ಹೊತ್ತು ಕಾಯಬೇಕೆಂದು ತಿಳಿಯದೆ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು.